ಪ್ರಿಬಯಾಟಿಕ್ ಪುಡಿ ಶುರು ಮಾಡಿ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 4 ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯಿಂದ ಈಗ ಆರಾಮಾಗಿದ್ದೇನೆ. ಗಿಡಮೂಲಿಕೆಯ ಪ್ರಿಬಯಾಟಿಕ್ ಪುಡಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸಿ ಕರುಳಿನ ಉರಿಯೂತವನ್ನು ಬುಡಸಮೇತ ತೆಗೆಯುತ್ತದಂತೆ. ಅದನ್ನು ಶುರು ಮಾಡಿ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಇದಕ್ಕೇ ಕೊಡುತ್ತಿದ್ದೇನೆ.

ಪುಡಿಯ ಹಿಂದಿನ ವಿಚಾರ ಪೂರ್ತಿ ಸುಳ್ಳಲ್ಲ. ಚಿಕೋರಿ ಬೇರು, ಬೆಳ್ಳುಳ್ಳಿ, ಈರುಳ್ಳಿಯಲ್ಲಿ ಇನ್ಯುಲಿನ್ ಎಂಬ ನಾರು ಇದೆ. ಅದನ್ನು ಜೀರ್ಣಿಸುವ ಶಕ್ತಿ ನಮಗಿಲ್ಲ. ಹಾಗಾಗಿ ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70% ಬರುವುದು ಈ ಬ್ಯುಟಿರೇಟ್‌ನಿಂದಲೇ. ನಿಮ್ಮಂಥ ಕಾಯಿಲೆ ಇರುವ ಬಹಳ ಜನರಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳೇ ಕಡಿಮೆ ಇರುತ್ತವೆ. ಪುಡಿ ಮಾರುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾ ಕಡಿಮೆ ಇದೆಯಾ, ಊಟ ಹಾಕಿ, ಬೆಳೆಯುತ್ತದೆ ಅಂತ.

ಎಲೆ ಹಾಕಿ ಬಡಿಸಿದರೆ ಸಾಕೇ? ಉಣ್ಣುವವರು ಇರಬೇಕಲ್ವಾ? ಕ್ರೋನ್ಸ್ ಎಂಬ, ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ ಕೆರಳಿದ್ದ 103 ಜನರ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ದಿನಕ್ಕೆ 15 ಗ್ರಾಂನಂತೆ 4 ವಾರ ಇನ್ಯುಲಿನ್ ಜಾತಿಯ ನಾರು ಕೊಟ್ಟಿದ್ದರು. ಉಳಿದವರಿಗೆ ಕೊಟ್ಟಿದ್ದು ಬರೀ ತೋರಿಕೆಯ ಪುಡಿ. ಕಾಯಿಲೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ತಡೆಯಲಾಗದೆ ಅರ್ಧಕ್ಕೇ ಬಿಟ್ಟವರು ನಾರಿನ ಗುಂಪಿನಲ್ಲೇ ಜಾಸ್ತಿ. 2023ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಇದಕ್ಕೊಂದು ಕಾರಣ ತೋರಿಸಿತು. ಹುಳಿಯಿಸುವ ಬ್ಯಾಕ್ಟೀರಿಯಾ ಇಲ್ಲದ ಕರುಳಿನಲ್ಲಿ ಈ ನಾರು ಹಾಗೇ ಉಳಿದು, ಕೆಲವು ರೋಗಿಗಳಲ್ಲಿ ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ. ಅಂದರೆ ಒಬ್ಬರಿಗೆ ಹಿತವಾದದ್ದೇ ಇನ್ನೊಬ್ಬರಿಗೆ ಉರಿ ಹೆಚ್ಚಿಸಬಹುದು. ಪೊಟ್ಟಣದ ಮೇಲೆ ಈ ಮಾತನ್ನು ಯಾರೂ ಅಚ್ಚು ಹಾಕುವುದಿಲ್ಲ.

ನಾರೆಲ್ಲ ಕೆಟ್ಟದ್ದು ಅಂತಲೂ ತಿಳಿಯಬೇಡಿ. 1999ರಲ್ಲಿ ಸ್ಪೇನ್‌ನಲ್ಲಿ ನಿಮ್ಮದೇ ಕಾಯಿಲೆ ಇದ್ದು, ಶಾಂತವಾಗಿದ್ದ 105 ಜನರಲ್ಲಿ ಇಸಬ್ಗೋಲ್ ಬೀಜವನ್ನು ಪರೀಕ್ಷಿಸಿದ್ದರು. ಒಂದು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ಬೀಜ ಮಾತ್ರ ತೆಗೆದುಕೊಂಡವರಲ್ಲಿ 40%, ಮೆಸಲಮೈನ್ ಮಾತ್ರ ತೆಗೆದುಕೊಂಡವರಲ್ಲಿ 35%, ಎರಡನ್ನೂ ತೆಗೆದುಕೊಂಡವರಲ್ಲಿ 30%. ಇಷ್ಟು ಸಣ್ಣ ಪ್ರಯೋಗ ನಂಬಿಕೊಂಡು ಮಾತ್ರೆ ಬಿಡಿ ಅಂತ ನಾನಂತೂ ಹೇಳಲಾರೆ. ಮಾತ್ರೆಯ ಜೊತೆಗೆ ಬೇಕಾದರೆ ತೆಗೆದುಕೊಳ್ಳಿ. ಕಾಯಿಲೆ ತಣ್ಣಗಿರುವಾಗ ಮಾತ್ರ, ಅರ್ಧ ಚಮಚದಿಂದ ಶುರು ಮಾಡಿ, ಜಾಸ್ತಿ ನೀರಿನ ಜೊತೆ, ನಿಮ್ಮ ವೈದ್ಯರಿಗೆ ತಿಳಿಸಿಯೇ. ಕರುಳು ಎಲ್ಲಾದರೂ ಕಿರಿದಾಗಿದೆ ಎಂದು ಯಾರಿಗಾದರೂ ಹೇಳಿದ್ದರೆ ಅವರು ಇದನ್ನು ಮುಟ್ಟಲೇಬಾರದು. ಉಬ್ಬಿದ ನಾರು ಅಲ್ಲೇ ಸಿಕ್ಕಿಕೊಂಡರೆ ಆಪರೇಷನ್‌ವರೆಗೂ ಹೋಗಬಹುದು.

ನನ್ನ ಹತ್ತಿರ ಬಂದ ಒಬ್ಬ ಹೆಣ್ಣುಮಗಳು ಹೀಗೇ ಮಾತ್ರೆ ಬಿಟ್ಟಿದ್ದರು. ಮೊದಲ ಎರಡು ತಿಂಗಳು ಆರಾಮಾಗಿದ್ದೆ ಅಂದರು. ಐದನೇ ತಿಂಗಳಿಗೆ ದಿನಕ್ಕೆ ಹತ್ತು ಸಲ ರಕ್ತಭೇದಿ. ಆರೋಗ್ಯವಾಗಿರುವ ಕರುಳಿನ ಒಳಮೈ ಹೊಳೆಯುತ್ತಿರುತ್ತದೆ. ಎಲೆಯ ನರಗಳ ಹಾಗೆ ಸಣ್ಣ ರಕ್ತನಾಳಗಳು ಕಾಣುತ್ತವೆ. ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯಲ್ಲಿ ಅವರ ಕರುಳಿನ ಒಂದು ನಾಳವೂ ಕಾಣಲಿಲ್ಲ. ಎಲ್ಲ ಊದಿಕೊಂಡಿತ್ತು. ಕೊಳವೆಯ ತುದಿ ತಾಗಿದಲ್ಲೆಲ್ಲ ರಕ್ತ ಜಿನುಗುತ್ತಿತ್ತು. ಅವರು ತಂದಿದ್ದ ಪೊಟ್ಟಣ ತಿರುಗಿಸಿ ಓದಿದೆ. ಮೂರನೇ ಹೆಸರೇ ಸೋನಾಮುಖಿ! ಭೇದಿ ಮಾಡಿಸುವ ಎಲೆ ಅದು. ಹುಣ್ಣಾದ ಕರುಳಿಗೆ ಅದನ್ನು ಕೊಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮಾತ್ರೆ ಬಿಟ್ಟ ಕೂಡಲೇ ಏನೂ ಆಗುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ಮೆಸಲಮೈನ್ ಸರಿಯಾಗಿ ತೆಗೆದುಕೊಳ್ಳದವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ 5 ಪಟ್ಟಿಗಿಂತ ಜಾಸ್ತಿ ಎಂದು 2003ರಲ್ಲೇ ಒಂದು ಅಧ್ಯಯನ ತೋರಿಸಿದೆ. ಆರಾಮಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನೀವಾಗಿಯೇ ಏನನ್ನೂ ಬದಲಿಸಬೇಡಿ. ಒಳಗೆ ನಿಜಕ್ಕೂ ಶಾಂತವಾಗಿದೆಯೇ ಎಂದು ತಿಳಿಯಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ. ಅದನ್ನು ಮಾಡಿಸಿಕೊಂಡು ವೈದ್ಯರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಗಿಡಮೂಲಿಕೆಗೆ ಅಡ್ಡ ಪರಿಣಾಮ ಇಲ್ಲ ಅಲ್ವಾ?

ಉತ್ತರ: ಇದೆ. ನೀಲಿ ಗಿಡದಿಂದ ಮಾಡುವ ಚಿಂಗ್ ದಾಯ್ ಎಂಬ ಪುಡಿ ಕೊಲೈಟಿಸ್‌ಗೆ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಅದನ್ನು ತೆಗೆದುಕೊಂಡ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿತು. 2016ರಲ್ಲಿ ಜಪಾನ್ ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು.

ಪ್ರಶ್ನೆ: ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್?

ಉತ್ತರ: ಕೊಲೈಟಿಸ್‌ನಲ್ಲಿ ಮಾತ್ರೆಯ ಜೊತೆಗೆ ಕೊಟ್ಟಾಗ ಸ್ವಲ್ಪ ಭರವಸೆ ಕಂಡಿದೆ. ಮಾತ್ರೆಯ ಬದಲಿಗೆ ಅಲ್ಲ. ಲಿವರ್ ತೊಂದರೆ ಇದ್ದರೆ ಬೇಡ.

ಪ್ರಶ್ನೆ: ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿ ನನಗೆ ಹೊಂದುವ ಪುಡಿ ಆರಿಸಬಹುದೇ?

ಉತ್ತರ: ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಎರಡು ತಿಂಗಳಿಂದ ಮಲದಲ್ಲಿ ರಕ್ತ, ತೂಕ ಇಳಿದಿದೆ, ರಾತ್ರಿ ಎದ್ದು ಹೋಗಬೇಕಾಗುತ್ತದೆ. ಯಾವ ಪುಡಿ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಪೈಲ್ಸ್ ಇರಬಹುದು ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಕಾಯಿಲೆ ಯಾವುದೆಂದೇ ಇನ್ನೂ ಗೊತ್ತಾಗಿಲ್ಲ. ನಾಳೆಯೇ ವೈದ್ಯರ ಹತ್ತಿರ ಹೋಗಿ, ಈ ಮೂರು ಲಕ್ಷಣಗಳನ್ನೂ ಇದೇ ಮಾತಿನಲ್ಲಿ ಹೇಳಿ.