ಹನ್ನೊಂದು ಜಾಗ ಬೇಡ, ಮೂರು ಸಾಕು

ತೀರ್ಥಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: ‘ಅಕ್ಟೋಬರ್‌ನಲ್ಲಿ ಫೀನಿಕ್ಸ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇನೆ. ಬಾಡಿಗೆ ಕಾರಿನಲ್ಲಿ ಒಬ್ಬನೇ ಹತ್ತು ದಿನ ಅರಿಜೋನಾ, ಯೂಟಾದ ಕಂದರಗಳ ಫೋಟೊ ತೆಗೆಯುವ ಆಸೆ. ಪಟ್ಟಿಯಲ್ಲಿ ಹನ್ನೊಂದು ಜಾಗಗಳಿವೆ. ಇದುವರೆಗೆ ಆಗುಂಬೆಯ ಮಳೆ, ಮಂಜಿನಲ್ಲೇ ಕ್ಯಾಮೆರಾ ಹಿಡಿದವನು. ಯಾವ ಲೆನ್ಸ್ ಒಯ್ಯಲಿ?’

ಲೆನ್ಸ್ ಆಮೇಲೆ. ಮೊದಲು ಆ ಹನ್ನೊಂದನ್ನು ಮೂರಕ್ಕೆ ಇಳಿಸಿ: ಪೇಜ್, ಮಾನ್ಯುಮೆಂಟ್ ವ್ಯಾಲಿ, ಮೋಆಬ್. ಫೀನಿಕ್ಸ್‌ನಿಂದ ಪೇಜ್ ಸುಮಾರು 440 ಕಿ.ಮೀ., ಅಲ್ಲಿಂದ ಮಾನ್ಯುಮೆಂಟ್ ವ್ಯಾಲಿ 200, ಮುಂದೆ ಮೋಆಬ್ 240. ಬೆಳಿಗ್ಗೆ ಒಂದೂವರೆ ಗಂಟೆ ಕಾಲ, ಸಂಜೆ ಒಂದೂವರೆ ಗಂಟೆ ಕಾಲ ಒಳ್ಳೆಯ ಬೆಳಕು. ಆ ಹೊತ್ತಿಗೆ ನೀವು ದಾರಿಯಲ್ಲಿದ್ದರೆ ಹೋಗಿ ಏನು ಬಂತು? ಪ್ರತಿ ಊರಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ. ಕತ್ತಲಲ್ಲಿ ದೂರ ಓಡಿಸಬೇಡಿ. ದನ, ಜಿಂಕೆ ರಸ್ತೆಗೆ ಬರುತ್ತವೆ.

ಗಡಿಯಾರದ ವಿಷಯದಲ್ಲಿ ಹಲವರು ಎಡವುತ್ತಾರೆ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ ಅರಿಜೋನಾದಲ್ಲಿಲ್ಲ. ಯೂಟಾದಲ್ಲಿದೆ, ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ನೆಲದಲ್ಲೂ ಇದೆ. ಹಾಗಾಗಿ ಅಕ್ಟೋಬರ್‌ನಲ್ಲಿ ನವಾಹೋ ನೆಲದ ಮಾನ್ಯುಮೆಂಟ್ ವ್ಯಾಲಿ, ಯೂಟಾದ ಮೋಆಬ್ ಎರಡೂ ಅರಿಜೋನಾದ ಪೇಜ್‌ಗಿಂತ ಒಂದು ಗಂಟೆ ಮುಂದು. ಗಡಿಯ ಹತ್ತಿರ ಫೋನ್ ತಾನಾಗಿಯೇ ವೇಳೆ ಬದಲಿಸುತ್ತದೆ. ಸೂರ್ಯೋದಯ ತಪ್ಪಬಾರದೆಂದರೆ ಕೈಗಡಿಯಾರವನ್ನು ನೀವೇ ಹೊಂದಿಸಿಕೊಳ್ಳಿ.

ಪೇಜ್‌ನ ಆಂಟಿಲೋಪ್ ಕಂದರಕ್ಕೆ ಗೈಡ್ ಇಲ್ಲದೆ ಪ್ರವೇಶವಿಲ್ಲ, ಸಾಮಾನ್ಯ ಟೂರ್‌ಗೆ ಟ್ರೈಪಾಡ್ ಬಿಡುವುದಿಲ್ಲ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರ ಆಸುಪಾಸು, ಲೆನ್ಸಿನ ತೆರಪು ಎಫ್/5.6, ಶಟರ್ 1/60 ಸೆಕೆಂಡಿಗಿಂತ ನಿಧಾನ ಬೇಡ. ಆಕಾಶದ ಚೂರೂ ಚೌಕಟ್ಟಿಗೆ ಬರಬಾರದು. ಬಂದರೆ ಅದು ಬಿಳಿಚಿಕೊಂಡು ಗೋಡೆಯ ಬಣ್ಣವೆಲ್ಲ ಸಪ್ಪೆ. ಬಣ್ಣವನ್ನು ತಾನೇ ಸರಿಪಡಿಸುವ ಆಟೊ ವೈಟ್ ಬ್ಯಾಲೆನ್ಸ್ ಗೋಡೆಯ ಕೆಂಪನ್ನೇ ದೋಷವೆಂದು ತಿದ್ದಿಬಿಡುತ್ತದೆ. ಅದನ್ನು ‘ಡೇಲೈಟ್’ನಲ್ಲಿಟ್ಟು, ಕ್ಯಾಮೆರಾ ತಿದ್ದದ ಮೂಲರೂಪದ ರಾ ಫೈಲ್ ತೆಗೆಯಿರಿ.

ಇದರ ಅಭ್ಯಾಸಕ್ಕೆ ಅಮೆರಿಕದವರೆಗೆ ಕಾಯಬೇಕಿಲ್ಲ. ಬೇಯಿಸಿದ ಕೆಂಪಡಿಕೆಯನ್ನು ಅಂಗಳದಲ್ಲಿ ಒಣಹಾಕಿದಾಗ ಹತ್ತು ಗಂಟೆಯ ಬಿಸಿಲಲ್ಲಿ ಜಗಲಿಯ ಮಾಡಿನ ಒಳಮೈ ನೋಡಿ: ನೇರ ಬಿಸಿಲು ಬೀಳದ ಆ ಮರದ ಜಂತಿಗಳಿಗೆ ಅಡಿಕೆಯ ಕೆಂಪು ಹತ್ತಿರುತ್ತದೆ. ಕಂದರದಲ್ಲಿ ಹೊಳೆಯುವುದೂ ಹೀಗೆ ಎದುರು ಗೋಡೆಗೆ ತಾಗಿ ಮರಳಿದ ಬೆಳಕೇ. ಮೋಆಬ್ ಸಮೀಪದ ಮೇಸಾ ಆರ್ಚ್ ಎಂಬ ಕಲ್ಲಿನ ಕಮಾನಿನ ಕೆಳಮೈ ಸೂರ್ಯೋದಯಕ್ಕೆ ಕೆಂಡದಂತಾಗುವುದೂ ಇದರಿಂದಲೇ. ಅಂಗಳ ಚೌಕಟ್ಟಿನೊಳಗೆ ಬಾರದಂತೆ ಜಂತಿಯ ಬೆಳಕನ್ನಷ್ಟೇ ಕ್ಯಾಮೆರಾದಲ್ಲಿ ಅಳೆದು (ಮೀಟರ್ ಮಾಡಿ) ನಾಲ್ಕು ದಿನ ತೆಗೆದು ನೋಡಿ.

ಈಗ ಲೆನ್ಸ್: 16-35 ಮಿ.ಮೀ., 70-200 ಮಿ.ಮೀ. ಎರಡೇ ಸಾಕು. ಪೇಜ್ ಬಳಿ ಕೊಲೊರಾಡೊ ನದಿ ಕುದುರೆಲಾಳದಂತೆ ಬಳಸುವ ಹಾರ್ಸ್‌ಷೂ ಬೆಂಡ್‌ನ ತಿರುವು ಪೂರ್ತಿ ಬರಲು ಫುಲ್ ಫ್ರೇಮ್‌ನಲ್ಲಿ 16–18 ಮಿ.ಮೀ. ಬೇಕು. ಅಗಲ ಲೆನ್ಸಿಗೆ ಪೋಲರೈಸರ್ (ಆಕಾಶದ ನೀಲಿ ಗಾಢವಾಗಿಸುವ ಫಿಲ್ಟರ್) ಹಾಕಿ ಪೂರ್ತಿ ತಿರುಗಿಸಿದರೆ ಆಕಾಶದ ಒಂದು ಮೂಲೆ ಮಾತ್ರ ಕಪ್ಪಿಡುತ್ತದೆ. ಲೆನ್ಸ್ ಬದಲಿಸುವುದು ಕಾರಿನೊಳಗೆ, ಕಿಟಕಿ ಏರಿಸಿ. ಅಲ್ಲಿನ ಮರಳು ಗಾಜನ್ನು ಗೀರುತ್ತದೆ. ಮೊದಲು ಬ್ಲೋಯರ್, ಆಮೇಲೆ ಬಟ್ಟೆ.

ಮಲೆನಾಡಿನವರಿಗೆ ಅಲ್ಲಿ ಬಾಯಾರಿಕೆ ಮೋಸ ಮಾಡುತ್ತದೆ. ನಮ್ಮಲ್ಲಿ ಅಂಗಿ ಒದ್ದೆಯಾಗುತ್ತದೆ, ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ದಿನಕ್ಕೆ ನಾಲ್ಕು ಲೀಟರ್ ಕುಡಿಯಲು, ಕಾರಿನಲ್ಲಿ ಮತ್ತೆ ಹತ್ತು ಲೀಟರ್ ಇರಲಿ. ಪೆಟ್ರೋಲ್ ಅರ್ಧಕ್ಕಿಳಿದಾಗಲೇ ತುಂಬಿಸಿ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮೊದಲು ಕಾಣುವುದು ಕಾರು. ಮಣ್ಣಿನ ರಸ್ತೆ ನೆನೆದರೆ ನಮ್ಮ ಕೆಮ್ಮಣ್ಣಿನಂತಲ್ಲ, ಟಯರಿಗೆ ಅಂಟಿ ಚಕ್ರವೇ ತಿರುಗದು. ದೂರದಲ್ಲೆಲ್ಲೋ ಗುಡುಗಿದರೂ ಇಕ್ಕಟ್ಟಾದ ಕಂದರಕ್ಕೆ ಇಳಿಯಬೇಡಿ. 1997ರ ಆಗಸ್ಟ್ 12ರಂದು ಲೋಯರ್ ಆಂಟಿಲೋಪ್‌ನಲ್ಲಿ ಹನ್ನೊಂದು ಜನ ಕೊಚ್ಚಿಹೋದರು. ಮಳೆ ಸುರಿದದ್ದು ಹಲವು ಕಿಲೋಮೀಟರ್ ಆಚೆ.

ಒಂದು ಕೋರಿಕೆ. ಮೋಆಬ್‌ನ ಮರಳಿನ ಮೇಲೆ ಕಪ್ಪಗೆ, ಗಂಟುಗಂಟಾಗಿ ಕಾಣುವ ಹೆಪ್ಪು ಒಣಮಣ್ಣಲ್ಲ. ನಮ್ಮ ಹಾವಸೆಯಂತೆ ಜೀವವಿರುವಂಥದ್ದು. ಒಂದು ಹೆಜ್ಜೆ ಬಿದ್ದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಎಂಥ ಚೌಕಟ್ಟು ಕಂಡರೂ ಬಂಡೆಯ ಮೇಲೋ ಕಾಲುದಾರಿಯಲ್ಲೋ ನಿಂತೇ ತೆಗೆಯಿರಿ.

ಪ್ರತಿ ದಿನದ ದಾರಿ, ತಂಗುವ ಜಾಗ, ಫೋನ್ ಮಾಡುವ ಹೊತ್ತು ಬರೆದ ಹಾಳೆಯನ್ನು ಮಗನ ಕೈಗೆ ಕೊಟ್ಟೇ ಹೊರಡಿ. ಹೇಳಿದ ಹೊತ್ತಿಗಿಂತ ಮೂರು ಗಂಟೆ ತಡವಾದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಲಿ.