ಎಎ ರೇಟಿಂಗ್ ಇದ್ರೆ ಕಣ್ಮುಚ್ಚಿ ದುಡ್ಡು ಹಾಕ್ಬಹುದಾ?

ಪ್ರಶ್ನೆ: ಸಾರ್, ಒಂದು ಕಂಪನಿ ಬಾಂಡ್‌ಗೆ ಎಎ ರೇಟಿಂಗ್ ಇದೆ, ಅದೇ ರೇಟಿಂಗ್ ಇರೋ ಬೇರೆ ಬಾಂಡ್‌ಗಳಿಗಿಂತ ಬಡ್ಡಿನೂ ಜಾಸ್ತಿ. ಹಾಕ್ಬಹುದಾ? ಈ ರಿಸ್ಕನ್ನ ಅಳೆಯೋದಾದ್ರೂ ಹೆಂಗೆ?

ಉತ್ತರ: ನಿಮ್ಮ ಪ್ರಶ್ನೆಲೇ ಅರ್ಧ ಉತ್ತರ ಇದೆ. ಬಾಂಡ್ ಅಂದ್ರೆ ಕಂಪನಿಗೆ ನಾವು ಕೊಡೋ ಸಾಲ, ರೇಟಿಂಗ್ ಅಂದ್ರೆ ಆ ಸಾಲ ವಾಪಸ್ ಬರೋ ಭರವಸೆ ಎಷ್ಟು ಅಂತ ರೇಟಿಂಗ್ ಏಜೆನ್ಸಿಗಳು ಕೊಡೋ ದರ್ಜೆ, ಎಎಎ ಎಲ್ಲಕ್ಕಿಂತ ಮೇಲಿಂದು, ಎಎ ಅದರ ಕೆಳಗಿಂದು. ಒಂದೇ ರೇಟಿಂಗು, ಬಡ್ಡಿ ಮಾತ್ರ ಜಾಸ್ತಿ ಅಂದ್ರೆ ಮಾರ್ಕೆಟ್‌ನವ್ರಿಗೆ ಆ ಎಎ ಮೇಲೆ ಏನೋ ಅನುಮಾನ ಇರ್ಬಹುದು, ಇಲ್ಲಾ ಆ ಬಾಂಡನ್ನ ಬೇಕಾದಾಗ ಮಾರೋದು ಕಷ್ಟ ಇರ್ಬಹುದು.

ಅಳೆಯೋದು ಅಂದ್ರೆ ಬ್ಯಾಂಕ್‌ನವ್ರು ಮೂರು ವಿಷ್ಯ ನೋಡ್ತಾರೆ, ಸಾಲಗಾರ ಕೈ ಎತ್ತೋ ಛಾನ್ಸ್ ಎಷ್ಟು, ಆಗ ಬಾಕಿ ಎಷ್ಟಿರತ್ತೆ, ಅದ್ರಲ್ಲಿ ಮುಳುಗೋದೆಷ್ಟು. ಬಾಕಿ 100 ರೂಪಾಯಿ, ಛಾನ್ಸ್ ಶೇ. 2, ಮುಳುಗೋದು ಬಾಕಿಯ ಶೇ. 60 ಅಂದ್ಕೊಳ್ಳಿ, ಮೂರನ್ನೂ ಗುಣಿಸಿದ್ರೆ ಸರಾಸರಿ ನಷ್ಟ 1.20 ರೂಪಾಯಿ. ಸಾವಿರಾರು ಜನಕ್ಕೆ ಸಾಲ ಕೊಟ್ಟಿರೋ ಬ್ಯಾಂಕಿಗೆ ಈ ಸರಾಸರಿ ಕೆಲಸಕ್ಕೆ ಬರತ್ತೆ. ಒಂದೇ ಬಾಂಡ್ ಹಿಡ್ಕೊಂಡು ಕೂತಿರೋ ನಿಮಗೆ 1.20 ಅನ್ನೋ ನಷ್ಟ ಯಾವತ್ತೂ ಆಗಲ್ಲ, ಕಂಪನಿ ಕೈ ಎತ್ತಿದ್ರೆ 60 ಹೋಗತ್ತೆ, ಇಲ್ಲಾಂದ್ರೆ ಏನೂ ಹೋಗಲ್ಲ!

ಇನ್ನು ರೇಟಿಂಗು. ಅದು ಗ್ಯಾರಂಟಿ ಅಲ್ಲ, ಯಾರು ಯಾರಿಗಿಂತ ಗಟ್ಟಿ ಅನ್ನೋ ಸಾಲು ಅಷ್ಟೆ. ಕಂಪನಿ ಬಾಂಡ್‌ಗಳ ಮಟ್ಟಿಗೆ ಈ ಸಾಲು ಬಹಳ ವರ್ಷದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸರಿಯಾಗೇ ಬಂದಿದೆ, ಅದನ್ನ ಒಪ್ಕೋಬೇಕು. ಎಡವಟ್ಟಾಗೋದು ಟೈಮಿಂಗ್‌ನಲ್ಲಿ. ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿ ಅರ್ಜಿ ಹಾಕಿದ್ದು 2001ರ ಡಿಸೆಂಬರ್ 2ಕ್ಕೆ, ಅದಕ್ಕೆ ನಾಕೇ ದಿನ ಮುಂಚಿನವರೆಗೂ ಅದು ಇನ್ವೆಸ್ಟ್‌ಮೆಂಟ್ ಗ್ರೇಡ್ (ದುಡ್ಡು ಹಾಕೋಕೆ ಸಾಕಷ್ಟು ಭದ್ರ ಅನ್ನೋ ದರ್ಜೆ), ಅಷ್ಟೊತ್ತಿಗೆ ಷೇರು ನೆಲ ಕಚ್ಚಿತ್ತು. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗೋ ಹೊತ್ತಿಗೂ ಎ ದರ್ಜೆ ಇತ್ತು. ಪ್ರತಿ ಏರಿಳಿತಕ್ಕೂ ರೇಟಿಂಗ್ ಬದಲಾಯಿಸ್ಬಾರ್ದು ಅಂತ ಏಜೆನ್ಸಿಗಳೇ ನಿಧಾನ ಮಾಡ್ತಾವೆ, ಅದರ ಜೊತೆಗೆ ಇಳಿಸಿದ್ರೆ ಆ ಕಂಪನಿಗೆ ಹೊಸ ಸಾಲ ಹುಟ್ಟೋದೇ ಕಷ್ಟ ಆಗಿ ಬೇಗ ಮುಳುಗತ್ತೆ ಅನ್ನೋ ಫಜೀತಿ ಬೇರೆ.

ಮತ್ತೆ ಈ ರೇಟಿಂಗ್‌ಗೆ ಫೀಸ್ ಕೊಡೋರು ಯಾರು? ಬಾಂಡ್ ಬಿಡೋ ಕಂಪನಿನೇ! ಪರೀಕ್ಷೆ ಬರೆಯೋ ಹುಡುಗ ಮೇಷ್ಟ್ರಿಗೆ ಸಂಬಳ ಕೊಟ್ಟಂಗೆ. 1909ರಲ್ಲಿ ಅಮೆರಿಕದ ಜಾನ್ ಮೂಡಿ ರೈಲ್ವೆ ಬಾಂಡ್‌ಗಳಿಗೆ ರೇಟಿಂಗ್ ಕೊಟ್ಟಾಗ ಪುಸ್ತಕ ಕೊಂಡ್ಕೊಳ್ತಿದ್ದ ಹೂಡಿಕೆದಾರರಿಂದ ದುಡ್ಡು ಬರ್ತಿತ್ತು, 1970ರ ದಶಕದಲ್ಲಿ ಇದು ತಿರುಗಾ ಮುರುಗಾ ಆಯ್ತು. ಅಮೆರಿಕದ ಮನೆಸಾಲದ ಬಾಂಡ್‌ಗಳಿಗೆ ಎಎಎ ಹಂಚಿದ ಕೇಸಲ್ಲಿ ಎಸ್ ಅಂಡ್ ಪಿ ಅನ್ನೋ ರೇಟಿಂಗ್ ಏಜೆನ್ಸಿ 2015ರಲ್ಲಿ ಸುಮಾರು 137.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡ್ಕೊಳ್ತು.

ನೀವು ಎಎ ಅನ್ನೋ ಅಕ್ಷರ ಬಿಟ್ಟು ಏಜೆನ್ಸಿ ಬರೆದಿರೋ ಕಾರಣಗಳ ರಿಪೋರ್ಟ್ ಓದಿ, ಯಾವ ತಾರೀಖಿಂದು, ಔಟ್‌ಲುಕ್ ನೆಗೆಟಿವ್ (ಮುಂದೆ ರೇಟಿಂಗ್ ಇಳಿಸ್ಬಹುದು ಅನ್ನೋ ಸೂಚನೆ) ಇದ್ಯಾ, ಸಾಲಕ್ಕೆ ಆಸ್ತಿ ಅಡ ಇದ್ಯಾ ನೋಡಿ. ಬಡ್ಡಿ ಯಾಕೆ ಜಾಸ್ತಿ ಅಂತ ಗೊತ್ತಾಗೋವರ್ಗೂ ನಾನಾಗಿದ್ರೆ ಹಾಕ್ತಿರ್ಲಿಲ್ಲ.