ರಾತ್ರಿಯ ಕಿರ್ದಿ: ರಾಯಚೂರಿನ ಗುಮಾಸ್ತರೊಬ್ಬರ ಪ್ರಕರಣ

ರಾಯಚೂರಿನ ಕೃಷಿ ಮಾರುಕಟ್ಟೆ ಗಂಜ್‌ನಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರ ಗುಮಾಸ್ತರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ.

ಅವರನ್ನು ಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ. ಐವತ್ತರ ಹತ್ತಿರದ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು, ಕುರ್ಚಿಯ ತುದಿಯಲ್ಲಿ ಕೂತಿದ್ದರು. "ರಾತ್ರಿ ನಿದ್ದಿ ಹತ್ತವಲ್ದ್ರಿ ಮೇಡಂ. ಮೂರಕ್ಕ ಎಚ್ಚರ ಆಗ್ತದ. ಆಮ್ಯಾಲ ತಲಿಯೊಳಗ ಗಿರಣಿ ಶುರು" ಅಂದರು. ಬಿಪಿ, ಸಕ್ಕರೆ, ಥೈರಾಯ್ಡ್ ಎಲ್ಲ ಪರೀಕ್ಷೆ ಆಗಿತ್ತು. ತೊಂದರೆ ಏನೂ ಕಂಡಿರಲಿಲ್ಲ.

ಹೆಂಡತಿಯ ಚಿಂತೆ ನಿದ್ದೆಯದ್ದಲ್ಲ, ಸಿಟ್ಟಿನದ್ದು. ಹಿಂದಿನ ವಾರ ಊಟಕ್ಕೆ ಕೂತಾಗ ಮಗಳು ನೀರಿನ ತಂಬಿಗೆ ಇಟ್ಟಳು, ಸದ್ದಾಯಿತು. ಅಷ್ಟಕ್ಕೇ ಇವರು ತಟ್ಟೆ ತಳ್ಳಿ ಎದ್ದಿದ್ದರು. ರೊಟ್ಟಿ ಒಂದು ಕಡೆ, ಪುಂಡಿಪಲ್ಲೆ ನೆಲದ ಮೇಲೆ. ಮಗಳು ಒಂದೂ ಮಾತಾಡದೆ ನೆಲ ಒರೆಸಿದಳಂತೆ. ಹೆಂಡತಿ ಇದನ್ನು ಹೇಳುವಷ್ಟು ಹೊತ್ತೂ ಅವರು ತಲೆ ಎತ್ತಲಿಲ್ಲ. "ಯಾಕ್ ಮಾಡ್ದೆ ಅಂತ ನನಗ ಗೊತ್ತಿಲ್ರಿ" ಅಂದರು. ಅದು ಸುಳ್ಳಲ್ಲ ಅಂತ ನನಗೆ ಅನ್ನಿಸಿತು.

ನಾನು ಮೊದಲು ಕೊಟ್ಟ ಸಲಹೆ ಅವರಿಗೆ ಹೊಂದಲಿಲ್ಲ. ಅದನ್ನೂ ಹೇಳಬೇಕು. ಮಲಗುವ ಮುಂಚೆ ಹದಿನೈದು ನಿಮಿಷ, ಮನಸ್ಸಿನಲ್ಲಿ ಇರುವುದನ್ನೆಲ್ಲ ಬರೆಯಿರಿ ಅಂದಿದ್ದೆ. ಈ ಪದ್ಧತಿಗೆ ಒಳ್ಳೆಯ ಆಧಾರ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ತಮಗೆ ಆಗಿದ್ದ ನೋವನ್ನು, ನಡೆದ ಸಂಗತಿ ಮತ್ತು ಅನ್ನಿಸಿದ್ದು ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಲಾಭ ಕಂಡದ್ದು ಆಮೇಲೆ. ಇದನ್ನು ನಾನು ಗುಮಾಸ್ತರಿಗೆ ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಅವರು ತೀರಿಕೊಂಡ ತಂದೆಯ ಬಗ್ಗೆ, ತಮ್ಮನ ಜೊತೆಗಿನ ಹೊಲದ ಜಗಳದ ಬಗ್ಗೆ ಎರಡು ರಾತ್ರಿ ಬರೆದರು. ಮೂರನೇ ರಾತ್ರಿ ಬಿಟ್ಟರು. "ಬರದ ಮ್ಯಾಲ ಎದಿ ಇನ್ನೂ ಭಾರ ಆತ್ರಿ. ಬೆಳತನಾ ಕಣ್ಣು ಮುಚ್ಚಲಿಲ್ಲ."

ಆಗ ಸುಮ್ನೆ ಅವರ ಕೆಲಸದ ಬಗ್ಗೆ ಕೇಳಿದೆ. ಅಂಗಡಿಯಲ್ಲಿ ದಿನಾ ಏನು ಬರೀತೀರಿ ಅಂದೆ. ಮುಖ ಒಮ್ಮೆಲೇ ಅರಳಿತು. ಕಂಪ್ಯೂಟರ್ ಬಂದರೂ ಕಿರ್ದಿ, ಅಂದರೆ ದಿನದ ಜಮಾಖರ್ಚಿನ ಪುಸ್ತಕ, ತಾವೇ ಕೈಯಲ್ಲಿ ಬರೆಯುವುದಂತೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಹತ್ತಿ ಸೀಸನ್‌ನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತು, ಹಮಾಲರ ಕೂಗು ಕಿವಿಗೆ ಬಡಿಯುವಾಗಲೂ ಒಂದು ದಿನದ ಲೆಕ್ಕ ಮರುದಿನಕ್ಕೆ ಹೋದದ್ದಿಲ್ಲ. "ಕಿರ್ದಿಯೊಳಗ ಕಥಿ ಬರಿಯಂಗಿಲ್ರಿ ಮೇಡಂ. ಆಗಿದ್ದಷ್ಟ ಬರಿಯೋದು. ಅವತ್ತಿಂದು ಅವತ್ತ."

ಇವರಿಗೆ ಬೇಕಾದ ದಿನಚರಿ ಇದೇ ಅಲ್ವಾ ಅನ್ನಿಸಿತು. ಮೂವತ್ತು ವರ್ಷದಿಂದ ಕೈ ಪಳಗಿದ ಬರವಣಿಗೆ ಇರುವಾಗ ಬೇರೊಂದು ಯಾಕೆ ಕಲಿಸಲಿ? ನೂರು ಪುಟದ ನೋಟ್‌ಬುಕ್ ತಗೊಳ್ಳಿ, ನಿಮ್ಮ ದಿನದ ಕಿರ್ದಿ ಬರೆಯಿರಿ ಅಂದೆ. ಜಮಾ ಕಡೆ ಜೀವಕ್ಕೆ ಹಿತ ಆದದ್ದು, ಖರ್ಚಿನ ಕಡೆ ಜೀವ ಹಿಂಡಿದ್ದು. ಎಷ್ಟು ಹೊತ್ತಿಗೆ, ಏನಾಯಿತು, ಆಗ ಮೈಯಲ್ಲಿ ಏನಾಯಿತು, ಇಷ್ಟೇ. ಯಾರದು ತಪ್ಪು ಅಂತ ತೀರ್ಪು ಬರೆಯುವುದು ಬೇಡ. ಅಂಗಡಿ ಮುಚ್ಚಿದ ಮೇಲೆ ಹತ್ತು ನಿಮಿಷ ಸಾಕು, ಹಾಸಿಗೆಗೆ ಪುಸ್ತಕ ಒಯ್ಯಬೇಡಿ.

ಮಲಗುವಾಗ ನಾಳೆ ಮಾಡಬೇಕಾದ ಕೆಲಸ ಮಾತ್ರ ಒಂದು ಚೀಟಿಯಲ್ಲಿ ಬರೆದಿಡಿ ಅಂದೆ. ಇದಕ್ಕೂ ಕಾರಣ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರಿಗೆ, ಮುಗಿದ ಕೆಲಸ ಬರೆದವರಿಗಿಂತ ಬೇಗ ನಿದ್ದೆ ಬಂತು. ಉಳಿದ ಕೆಲಸವನ್ನು ತಲೆ ಮತ್ತೆ ಮತ್ತೆ ನೆನಪಿಸುತ್ತಾ ಇರುತ್ತದೆ. ಕಾಗದಕ್ಕೆ ಇಳಿಸಿದರೆ ಆ ಕಾವಲು ತಪ್ಪುತ್ತದೆ.

ಅವರನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಯಾರಾದರೂ ಓದಿದರೆ? ಎರಡು ಕೋಣೆಯ ಮನೆ, ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೆ ಸಾಲಾಗಿ ಮಲಗುವವರು. ಅಲ್ಲಿ ಗುಟ್ಟು ಇಡಲು ಜಾಗವೇ ಇಲ್ಲ. ಈ ಭಯ ಸಣ್ಣದಲ್ಲ. ಇನ್ನೊಬ್ಬರು ಓದಬಹುದು ಅಂತ ಇದ್ದರೆ ಕೈ ಬರೆಯುವುದೇ ಬೇರೆ. ಹೆಂಡತಿಯನ್ನು ಒಳಗೆ ಕರೆದು, ಆ ಪುಸ್ತಕ ತೆರೆಯಬೇಡಿರಿ ಅಂತ ಅವರ ಎದುರಿಗೇ ಕೇಳಿಕೊಂಡೆ. ಆಕೆ ಒಪ್ಪಿದರು. ನಾನೂ ಆ ಪುಸ್ತಕ ಮುಟ್ಟಲಿಲ್ಲ. ಅವರು ಓದಿ ಹೇಳಿದ್ದನ್ನಷ್ಟೇ ಕೇಳಿದೆ. ಕೊನೆಗೆ ಜಾಗ ಅವರೇ ಕಂಡುಕೊಂಡರು. ಅಂಗಡಿಯ ಹಳೇ ಖಾತೆ ಪುಸ್ತಕಗಳ ಅಡಿಯಲ್ಲಿ.

ನಾಲ್ಕನೇ ವಾರ ಬಂದಾಗ ಕೂರುವ ಮುಂಚೆಯೇ ಪುಸ್ತಕ ತೆಗೆದರು. ಖರ್ಚಿನ ಕಡೆ ಐದು ಕಡೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಒಂದನ್ನು ಓದಿದರು: "ಮಧ್ಯಾಹ್ನ 3. ತೂಕದ ಪಟ್ಟಿ ತಡ ಆತು ಅಂತ ಸಾವ್ಕಾರ್ರು ರೈತರ ಮುಂದ ಬೈದರು. ನಾನು ಸುಮ್ನಿದ್ದೆ. ದವಡಿ ಬಿಗಿ. ರಾತ್ರಿ 9. ಮಗಳ ಮ್ಯಾಲ ಕೂಗಾಡಿದೆ." ಉಳಿದ ನಾಲ್ಕೂ ಹೆಚ್ಚುಕಡಿಮೆ ಹಾಗೇ. "ಅಲ್ಲಿ ನುಂಗಿದ್ದು ಇಲ್ಲಿ ಕಾರಾಕತ್ತೀನ್ರಿ" ಅಂದರು. ಕಣ್ಣು ತುಂಬಿತ್ತು. ಇದನ್ನು ಮೊದಲ ದಿನವೇ ನಾನು ಊಹಿಸಿ ಹೇಳಬಹುದಿತ್ತೇನೋ. ಹೇಳಿದ್ದರೆ ಹೌದ್ರಿ ಅಂತ ತಲೆ ಅಲ್ಲಾಡಿಸಿ ಹೋಗಿಬಿಡುತ್ತಿದ್ದರು. ತಮ್ಮದೇ ಅಕ್ಷರದಲ್ಲಿ, ತಾರೀಕಿನ ಸಮೇತ ಕಂಡದ್ದನ್ನು ಅಲ್ಲಗಳೆಯಲು ಆಗುವುದಿಲ್ಲ. ದಿನಚರಿಯನ್ನು ನಾನು ಇಷ್ಟು ನೆಚ್ಚಿಕೊಂಡಿರುವುದು ಇದಕ್ಕೇ. ನೆನಪು ದಿನಗಳನ್ನೆಲ್ಲ ಕಲಸಿಬಿಡುತ್ತದೆ. ಬರೆದಿಟ್ಟದ್ದು ಅವನ್ನು ಬಿಡಿಬಿಡಿಯಾಗಿ ತೋರಿಸುತ್ತದೆ.

ಆಮೇಲಿನ ಸಲಹೆ ಸುಲಭವಾಯಿತು. ಬೈಸಿಕೊಂಡ ದಿನ ನೇರ ಮನೆಗೆ ಹೋಗಬೇಡಿ ಅಂದೆ. ಅವರು ಆಮ್ ತಲಾಬ್ ಕೆರೆ ಕಡೆ ಒಂದು ಸುತ್ತು ನಡೆದು, ಅಲ್ಲೇ ಕೂತು ಬರೆದು, ಆಮೇಲೆ ಮನೆಗೆ ಹೋಗತೊಡಗಿದರು. ಪಟ್ಟಿ ಯಾಕೆ ತಡವಾಗುತ್ತದೆ ಅಂತ ಒಂದು ಬೆಳಿಗ್ಗೆ, ಗದ್ದಲ ಶುರುವಾಗುವ ಮುಂಚೆ, ಸಾಹುಕಾರರಿಗೆ ಶಾಂತವಾಗಿ ಹೇಳಿದರು. ಹೇಳಬೇಕಾದ ಮಾತನ್ನು ಮೊದಲು ಪುಸ್ತಕದಲ್ಲಿ ಬರೆದು ನೋಡಿಕೊಂಡಿದ್ದರು. ನಿದ್ದೆ ಪೂರ್ತಿ ಸರಿ ಹೋಗಿಲ್ಲ. ಈಗಲೂ ವಾರಕ್ಕೆ ಒಂದೆರಡು ದಿನ ಮೂರಕ್ಕೆ ಎಚ್ಚರವಾಗುತ್ತದೆ, ಆದರೆ ಮತ್ತೆ ಮಲಗುತ್ತಾರೆ. ತಮ್ಮನ ಹೊಲದ ವಿಷಯ ಇನ್ನೂ ಮುಗಿದಿಲ್ಲ. ಅದನ್ನು ಪುಸ್ತಕ ಬಗೆಹರಿಸುವುದಿಲ್ಲ.

ಇದನ್ನು ಓದಿ ಬರೆಯಲು ಕೂರುವವರಿಗೆ ಒಂದು ಮಾತು. ಐದಾರು ದಿನ ಬರೆದರೂ ಅದೇ ಗಾಯವನ್ನೇ ಕೆರೆದಂತೆ ಆಗುತ್ತಿದ್ದರೆ ನಿಲ್ಲಿಸಿ, ಯಾರ ಜೊತೆಗಾದರೂ ಮಾತಾಡಿ. ಬದುಕೇ ಬೇಡ ಅನ್ನುವ ಮಾತು ಪುಟದ ಮೇಲೆ ಬಂದರೆ ದಿನಚರಿಯನ್ನು ನಂಬಿ ಕೂರಬೇಡಿ. ಅವತ್ತೇ ವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಭೇಟಿಯಲ್ಲಿ ಗುಮಾಸ್ತರು ಜಮಾ ಕಡೆಯ ಒಂದು ಸಾಲು ಓದಿದರು. "ರಾತ್ರಿ 8. ಮಗಳು ತಾನಾಗೇ ಬಂದು ಬಾಜೂಕ ಕುಂತು ಬಡ್ಡಿ ಲೆಕ್ಕ ಕೇಳಿದಳು. ಹೇಳಿಕೊಟ್ಟೆ."

ಅವತ್ತು ಖರ್ಚಿನ ಕಡೆ ಖಾಲಿ ಇತ್ತಾ ಅಂತ ಕೇಳಿದೆ.

"ಇಲ್ರಿ. ಸಾವ್ಕಾರ್ರು ಅವತ್ತೂ ಬೈದಿದ್ರು."